ಕಿಲ್ಲಿ ಮತ್ತು ಕೀಲಿ

ಮರಾಠಿಯಲ್ಲಿ ಕಿಲ್ಲಿ ಎಂದರೆ ಚಾವಿ. ನಮ್ಮ ಬೆಳಗಾವಿ ಕಡೆಯ ಕನ್ನಡದಲ್ಲಿ ಕೀಲಿ ಎಂದರೆ ಬೀಗ. ಗಡಿಯಾಚೆ ನಾವಿರುವ ಇಚಲಕರಂಜಿಯಲ್ಲಿ ಈ ಎರಡೂ ಮಾತು ದಿನವಿಡೀ ಒಂದೇ ಬಾಯಲ್ಲಿ ಓಡಾಡುತ್ತವೆ, ಯಾರಿಗೂ ಏನೂ ಆಗುವುದಿಲ್ಲ. ಮಾತಾಡುವವರು ಕೈ ಮಾಡಿ ತೋರಿಸುತ್ತಾರೆ, ತಿಳಿಯದಿದ್ದರೆ ಇನ್ನೊಮ್ಮೆ ಕೇಳಬಹುದು. ಗೋಡೆಯ ಮೇಲೆ ಬರೆದ ಬೋರ್ಡನ್ನು ಏನೆಂದು ಕೇಳುವುದು?

ಅವ್ವ ಇದೇ ಊರಿನ ಶಹಾಪುರ ಭಾಗದ ಒಂದು ವಿದ್ಯುತ್ ಮಗ್ಗದ ಕಾರಖಾನೆಯಲ್ಲಿ ಕಾಂಡಿ ಸುತ್ತುತ್ತಾಳೆ. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುವ ಕೆಲಸ ಅದು. ಕಾರಖಾನೆ ಒಂದು ಸೊಸಾಯಟಿಯದು. ಅದರ ಸಂಚಾಲಕರು, ಮ್ಯಾನೇಜರ್ ಎಲ್ಲ ಕೂಡಿ ಕೊಲ್ಲಾಪುರಕ್ಕೆ ಹೋಗಿ 'ಆಪತ್ತಿನ ಸಿದ್ಧತೆ' ಎಂಬ ತರಬೇತಿಗೆ ಕೂತು ಬಂದರು. ಶಾಲು, ತೆಂಗಿನಕಾಯಿ, ಹಾರ, ಗ್ರೂಪ್ ಫೋಟೋ, ಊಟ. ಉಳಿದ ಹೊತ್ತಿನಲ್ಲಿ ತರಬೇತಿ. ಬರುವಾಗ ಮರಾಠಿಯಲ್ಲಿ ಟೈಪಾದ ಒಂದು ಕೆಂಪು ಫೈಲು ತಂದರು.

ಫೈಲಿನಲ್ಲಿದ್ದದ್ದು ಸರಿಯಾಗಿಯೇ ಇತ್ತು, ಅದನ್ನೂ ಹೇಳಬೇಕು. ಕೆಲಸದ ಹೊತ್ತಿನಲ್ಲಿ ಹಿಂದಿನ ಬಾಗಿಲಿಗೆ ಕಿಲ್ಲಿ ಹಚ್ಚಿಯೇ ಇಡಬೇಕು ಎಂದಿತ್ತು. ಅಂದರೆ ಚಾವಿ ಬಾಗಿಲಲ್ಲೇ ಇರಲಿ, ಹೊತ್ತು ಬಂದರೆ ಯಾರಾದರೂ ತಿರುವಿ ಹೊರಬೀಳಲಿ ಎಂದು. ಕನ್ನಡದ ಹೆಂಗಸರೇ ಹೆಚ್ಚು ಇದ್ದುದರಿಂದ ಮ್ಯಾನೇಜರ್ ತಾನೇ ಅದನ್ನು ಕನ್ನಡ ಮಾಡಿ ಪೇಂಟರನಿಂದ ಆ ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆಸಿದ. 'ಕೆಲಸದ ಹೊತ್ತಿನಲ್ಲಿ ಹಿಂದಿನ ಬಾಗಿಲಿಗೆ ಕೀಲಿ ಹಾಕಿಯೇ ಇಡಬೇಕು.' ಅಲ್ಲಿಯವರೆಗೆ ಆ ಬಾಗಿಲಿಗೆ ಬರೀ ಚಿಲಕವಿತ್ತು. ಆಪತ್ತಿನ ಸಿದ್ಧತೆಗೆಂದೇ ಹೊಸ ಬೀಗ ಬಂತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಅವ್ವ. ಬೀಗ ಹಾಕಿ ಚಾವಿಯನ್ನು ಆಫೀಸಿಗೆ ಕೊಡುವ ಕೆಲಸ ಅವಳ ಪಾಲಿಗೆ ಬಂತು. ಆಫೀಸಿನವರು ಅದನ್ನು ಕೆಂಪು ಫೈಲಿನ ದಾರಕ್ಕೇ ಕಟ್ಟಿ ಕಪಾಟಿನಲ್ಲಿಟ್ಟರು.

ಅವ್ವನಿಗೆ ಬುತ್ತಿ ಕೊಡಲು ಹೋದಾಗ ನಾನು ಬೋರ್ಡು ನೋಡಿದೆ. ಏನೋ ಕೆಲಸಕ್ಕೆಂದು ಕಪಾಟಿನಿಂದ ತೆಗೆದು ಆಫೀಸಿನ ಮೇಜಿನ ಮೇಲಿಟ್ಟಿದ್ದ ಫೈಲನ್ನೂ ತಿರುವಿ ನೋಡಿದೆ. ತಪ್ಪು ಎಲ್ಲಿ ಹುಟ್ಟಿತು ಎಂದು ಆಗಲೇ ತಿಳಿಯಿತು. ನಕ್ಕೆ. ಬೋರ್ಡಿನ ಫೋಟೋ ತೆಗೆದುಕೊಂಡೆ.

ಆ ವಾರವೇ ಗಡಹಿಂಗ್ಲಜದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ನಮ್ಮ ಸಂಸ್ಥೆಗಳು ಆಪತ್ತಿಗೆ ಹೆದರುವುದಿಲ್ಲ, ತಪಾಸಣೆಗೆ ಹೆದರುತ್ತವೆ. ಇದು ನನ್ನ ವಾದ. ಯೋಜನೆ ಬರೆದವನು ಒಮ್ಮೆಯಾದರೂ ಬಾಗಿಲ ತನಕ ನಡೆದು ಹೋಗಿ ತೆರೆದು ನೋಡಿದ್ದರೆ ಸಾಕಿತ್ತು ಎಂದೆ. ಕಿಲ್ಲಿ, ಕೀಲಿ ಎರಡನ್ನೂ ಎಳೆದು ಎಳೆದು ಹೇಳಿದೆ. ಗಡಹಿಂಗ್ಲಜದ ಜನಕ್ಕೆ ಎರಡೂ ಭಾಷೆ ಬರುತ್ತವೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ಬಹುಮಾನ. ಮುಂದಿನ ಸುತ್ತು ಕೊಲ್ಲಾಪುರದಲ್ಲಿ, ಒಂದು ತಿಂಗಳ ಮೇಲೆ.

ಮ್ಯಾನೇಜರನಿಗೆ ನಾನು ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ಹೇಳಿದರೆ ಬೋರ್ಡು ಸರಿಹೋಗುತ್ತಿತ್ತು. ಸರಿಹೋದ ಬೋರ್ಡಿನ ಮೇಲೆ ಕೊಲ್ಲಾಪುರದಲ್ಲಿ ಏನು ಭಾಷಣ ಮಾಡಲಿ? ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ.

ಮೂರನೆಯ ವಾರ, ಮಧ್ಯಾಹ್ನ, ಮುಂಬಾಗಿಲ ಪಕ್ಕದ ಸ್ವಿಚ್‌ಬೋರ್ಡಿನಲ್ಲಿ ಕಿಡಿ ಎದ್ದಿತು. ಹತ್ತಿಯ ಧೂಳು ಹೊತ್ತಿಕೊಂಡಿತು. ಹೆಂಗಸರೆಲ್ಲ ಹಿಂದಿನ ಬಾಗಿಲಿಗೆ ಓಡಿದರು. ಬೀಗ. ಚಾವಿ ಕಪಾಟಿನಲ್ಲಿ, ಆಫೀಸು ಬೆಂಕಿಯ ಆಚೆ. ಯಾರೋ ಮಗ್ಗದ ಕಬ್ಬಿಣದ ಸರಳು ತಂದು ಬೀಗ ಒಡೆಯುವವರೆಗೆ, ಕಡೆಯಲ್ಲಿ ನಿಂತಿದ್ದ ಅವ್ವ ಹೊತ್ತಿದ ನೂಲಿನ ಚೀಲಗಳನ್ನು ಬರಿಗೈಯಲ್ಲಿ ಹಿಂದಕ್ಕೆ ದೂಡುತ್ತಿದ್ದಳು. ಎಲ್ಲರೂ ಹೊರಬಂದರು. ಅವಳ ಬಲ ಅಂಗೈ ಸುಟ್ಟಿತು. ಓಡುವ ನೂಲು ತುಂಡಾದದ್ದನ್ನು ಕಣ್ಣಿಗಿಂತ ಮೊದಲು ತಿಳಿಯುತ್ತಿದ್ದ ಬೆರಳುಗಳು ಆ ಕೈಯವು.

ನಾಲ್ಕನೆಯ ದಿನ ವಿಚಾರಣೆ. ಅವ್ವನ ಜೊತೆ ನಾನೂ ಹೋದೆ. ಸಂಚಾಲಕರು ಸಾಲಾಗಿ ಕೂತು ಚಹಾ ಕುಡಿಯುತ್ತಿದ್ದರು. ಮ್ಯಾನೇಜರ್ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದ.

"ಅವತ್ತ ಕೀಲಿ ಹಾಕಿದವ್ರು ಯಾರು ಬಾಯಿ?"

"ನಾನ ರೀ," ಎಂದಳು ಅವ್ವ.

"ಬಸ್. ಮುಗೀತಲ್ಲ. ಇನ್ನ ನಿಮ್ಮನ್ನ ಕೆಲಸಕ್ಕ ಹೆಂಗ ಇಟ್ಕೊಳ್ಳೂದು, ನೀವ ಹೇಳ್ರಿ."

"ಬೋರ್ಡಿನಾಗ ಬರದಿತ್ತಲ್ರೀ ಸಾಹೇಬ್ರ."

"ಯಾವ ಬೋರ್ಡ? ಹೋಗಿ ಗ್ವಾಡಿ ನೋಡ್ರಿ. ಸ್ವಚ್ಛ ಐತಿ."

ಸ್ವಚ್ಛವೇ ಇತ್ತು. ಉಳಿದ ಗೋಡೆಯೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದರೆ, ಬಾಗಿಲ ಪಕ್ಕದ ಅಷ್ಟಗಲ ಜಾಗಕ್ಕೆ ಮಾತ್ರ ಸುಣ್ಣ ಬಳಿದಿದ್ದರು. ಆಪತ್ತು ಬಂದ ಮೇಲೆ ಈ ಸೊಸಾಯಟಿ ಚುರುಕಾಗಿ ಮಾಡಿದ ಕೆಲಸ ಅದೊಂದೇ. ಅವ್ವ ತನ್ನ ಬಟ್ಟೆ ಸುತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ತಪ್ಪು ಮಾಡಿದವರ ಹಾಗೆ.

ನಾನು ಮೊಬೈಲು ತೆಗೆದು ಫೋಟೋ ಮೇಜಿನ ಮೇಲಿಟ್ಟೆ. ಮ್ಯಾನೇಜರ್ ಕನ್ನಡಕ ಏರಿಸಿ ನೋಡಿದ. ಬೋರ್ಡನ್ನಲ್ಲ, ತಾರೀಖನ್ನು.

"ಮೂರ ವಾರದ ಹಿಂದಿಂದು ಇದು. ಅಲ್ಲ ತಾಯಿ, ಭಾಳ ಶಾಣ್ಯಾಕಿ ಅದಿ. ಅವತ್ತ ಬಂದು ಒಂದ ಮಾತ ಹೇಳಾಕ ಏನಾಗಿತ್ತ ನಿನಗ?"

ಪ್ರಶ್ನೆಗೆ ಎದುರು ಪ್ರಶ್ನೆ ಎಸೆದು ಪಾರಾಗುವುದು ವೇದಿಕೆಯ ಮೇಲೆ ನಾನು ಕಲಿತ ಮೊದಲ ವಿದ್ಯೆ. ಅವತ್ತು ಅದು ಬೇಡವೆನಿಸಿತು. "ಹೇಳಬೇಕಿತ್ತು, ಹೇಳಲಿಲ್ಲ. ಗಡಹಿಂಗ್ಲಜದಾಗ ಭಾಷಣಕ್ಕ ಬೇಕಾಗಿತ್ತು. ನನ್ನ ತಪ್ಪ ನನ್ನ ಹೆಸರಿಗೆ ಬರ್ಕೊಳ್ರಿ. ಬೋರ್ಡ ಬರಸಿದ್ದನ್ನೂ ಅಳಸಿದ್ದನ್ನೂ ನಿಮ್ಮ ಹೆಸರಿಗೆ ಬರ್ಕೊಳ್ರಿ. ನಮ್ಮವ್ವನ ಹೆಸರು ತಗೀರಿ," ಎಂದೆ.

ಅವ್ವ ನನ್ನ ಕಡೆ ತಿರುಗಿ ನೋಡಿದಳು. ಸಂಚಾಲಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮರಾಠಿಯಲ್ಲಿ ಗುಸುಗುಸು ಮಾಡಿದರು. ಕಡೆಗೆ ವರದಿಯಲ್ಲಿ ಬಿದ್ದದ್ದು 'ಭಾಷೆಯ ಗೊಂದಲ' ಎಂಬ ಎರಡು ಶಬ್ದ. ಎರಡು ಭಾಷೆಗಳು ಕೂಡಿ ಬಾಗಿಲಿಗೆ ಬೀಗ ಜಡಿದು, ಆಮೇಲೆ ಸುಣ್ಣವನ್ನೂ ಬಳಿದಿರಬೇಕು! ಆದರೆ ಅವ್ವನ ಹೆಸರು ಹೋಯಿತು, ಕೆಲಸ ಉಳಿಯಿತು.

ಮನೆಯ ದಾರಿಯಲ್ಲಿ ಸುತ್ತಲೂ ಮಗ್ಗಗಳ ಸದ್ದು. ಅವ್ವ ನನ್ನ ಕಡೆ ನೋಡದೆ ಕೇಳಿದಳು:

"ಗಡಹಿಂಗ್ಲಜದಾಗ ಮಂದಿ ಭಾಳ ನಕ್ಕಿದ್ರೇನ?"

"ನಕ್ಕಿದ್ರವ್ವಾ."

"ನನಗ ಹೇಳಿದ್ರ ನಾನೂ ನಗತಿದ್ದೆ," ಎಂದಳು. "ನಕ್ಕು, ಆಮ್ಯಾಲ ಹೋಗಿ ಕೀಲಿ ತಗೀತಿದ್ದೆ."