ಮುದಕಪ್ಪ ಬಿಡಬ್ಯಾಡೆಂದ ನೀರು

ದೊಡವಾಡದ ಗೌಂಡಿ ಮುದಕಪ್ಪನು ಮಾತು ಕಡಿಮೆಯ ಮನುಷ್ಯ. ಗೋಡೆ ಮಾತಾಡಬೇಕು, ಗೌಂಡಿ ಮಾತಾಡಬಾರದು ಎಂಬುದು ಅವನ ನಂಬಿಕೆ. ನಾಲ್ಕು ಶಬ್ದ ಬೇಕಾದಲ್ಲಿ ಎರಡರಲ್ಲಿ ಮುಗಿಸುವ ಈ ಚಟದಿಂದಲೇ ಕಳೆದ ಬೇಸಿಗೆಯಲ್ಲಿ ಅವನ ಜೀವ ಬಾಯಿಗೆ ಬಂದಿತ್ತು.

ಅವನು ದೊಡವಾಡದ ಶಾಲೆಯಲ್ಲಿ ನನ್ನ ವಿದ್ಯಾರ್ಥಿ. ಉತ್ತರ ಗೊತ್ತಿದ್ದರೂ ಎದ್ದು ನಿಂತು ಸುಮ್ಮನಿರುವ ಹುಡುಗ. ಏಳನೆಯ ತರಗತಿ ಮುಗಿದೊಡನೆ ಸೋದರಮಾವನ ಹಿಂದೆ ಗಾರೆ ಹೊರಲು ಹೋದನು. ಮುಂದೆ ನಾನು ಬೈಲಹೊಂಗಲದಲ್ಲಿ ಮನೆ ಕಟ್ಟಿಸಿದಾಗ ಗೋಡೆಗಳಿಗೆ ಗಾರೆ ಮೆತ್ತಿ ಗಿಲಾವು ಮಾಡಿದವನು ಅವನೇ. ಹೋಳಿಗೆ ತಟ್ಟುವ ಹೆಂಗಸರ ಕೈ ಹೇಗೆ ಆಡುತ್ತದೆಯೋ ಹಾಗೆ ಗಾರೆ ಸವರುವ ಅವನ ಥಾಪಿ ಗೋಡೆಯ ಮೇಲೆ ಆಡುತ್ತಿತ್ತು.

ಎರಡು ವರ್ಷಗಳ ಹಿಂದೆ ಅವನು ಸಾರವೆಯಿಂದ ಬಿದ್ದು ಬಲಗೈ ಮುರಿದುಕೊಂಡನು. ಎಲುಬು ಕೂಡಿತು, ಆದರೆ ಕೈಯಲ್ಲಿ ನಡುಕ ಉಳಿಯಿತು. 'ಮುದಕಪ್ಪನ ಕೈ ಹೋತು' ಎಂದು ಊರು ಮಾತಾಡಿಕೊಂಡಿತು. ಅವನೂ ಅದನ್ನು ನಂಬಿ ಆಡು ಕಾಯುತ್ತ ಕುಳಿತನು. ಒಮ್ಮೆ ನಾನು ಅವನ ಮನೆಗೆ ಹೋದಾಗ ಹೆಂಡತಿ ರಾಯವ್ವ ಹೇಳಿದಳು: "ಏನ ಕೇಳತೀರಿ ಸರ್, ದಿನಾ ಆಡಿನ ಮೈ ಸವರಿಕೋತ ಕುಂತಿರತಾರ. ಅದಕ್ಕೂ ಗಿಲಾವ ಮಾಡತಾರೋ ಏನೋ."

ನನ್ನ ಮನೆಯ ಪಕ್ಕದಲ್ಲಿ ಅರಳೆ ವ್ಯಾಪಾರದ ಬಸಲಿಂಗಪ್ಪ ಸಾವಕಾರರ ಮನೆ. ಮಕ್ಕಳು ಸಣ್ಣವರಿದ್ದಾಗ ಅವರು ಹಿತ್ತಲಲ್ಲಿ ಒಂದು ಈಜುಕೊಳ ಕಟ್ಟಿಸಿದ್ದರು. ಆಮೇಲೆ ಅದರ ಕಡೆ ನೋಡಿದವರಿಲ್ಲ. ಮೇಲಿನ ನುಣುಪು ಸವೆದು, ಒಳಗಿನ ಹರಳು ಹಲ್ಲು ಕಿಸಿದು, ಇಳಿದವರ ಅಂಗಾಲು ಕೆತ್ತಿ ಹೋಗುತ್ತಿತ್ತು. ಈಗ ಸಾವಕಾರರ ಹೆಂಡತಿ ಸುಂದರವ್ವನವರಿಗೆ ಮೊಣಕಾಲಿನ ಶಸ್ತ್ರಕ್ರಿಯೆಯಾಗಿ, ನೀರಿನಲ್ಲಿ ನಡೆದಾಡಿದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಧಾರವಾಡದಿಂದ ಯಾರನ್ನೋ ಕರೆಸೋಣವೆಂದರು ಸಾವಕಾರರು. ಸುಂದರವ್ವ ಒಪ್ಪಲಿಲ್ಲ.

"ನನ್ನ ಅಡಗಿಮನಿ ಗ್ವಾಡಿ ಇನ್ನೂ ಕನ್ನಡಿ ಇದ್ದಂಗ ಐತಿ. ಅದನ್ನ ಮಾಡಿದಂವನ್ನ ಕರೀರಿ."

ಮುದಕಪ್ಪ ಬಂದನು. ಕೊಳದೊಳಗೆ ಇಳಿದು ನೋಡಿ ಮೇಲೆ ಬಂದನು. "ಅವ್ವಾರ, ಈ ಕೈ ಮ್ಯಾಲ ನನಗಽ ಭರೋಸಾ ಇಲ್ರಿ. ಇದೊಂದು ಮಾಡತೇನಿ. ಕೆಟ್ಟರ ಮತ್ತ ಥಾಪಿ ಮುಟ್ಟೂದಿಲ್ಲ."

"ಕೆಡಾಕ ಅದರಾಗ ಏನ ಉಳದೈತೋ ತಮ್ಮಾ? ಮೊದಲಽ ಕೆಟ್ಟೈತಿ. ಸುಮ್ನ ಹಿಡಿ."

ಅವನು ಹಳೆಯ ಗಿಲಾವನ್ನು ಸುತ್ತಿಗೆಯಿಂದ ತಟ್ಟುತ್ತ ಹೋದನು. ಟೊಳ್ಳು ಸಪ್ಪಳ ಬಂದಲ್ಲಿ ಕೆತ್ತಿ ತೆಗೆದನು. ಎಲ್ಲವನ್ನೂ ತೊಳೆದು, ಸಿಮೆಂಟಿನ ತೆಳು ಬಗ್ಗಡ ಬಳಿದು, ಅದರ ಮೇಲೆ ಬಿಳಿ ಸಿಮೆಂಟು ಮತ್ತು ಅಮೃತಶಿಲೆಯ ಪುಡಿ ಕಲಸಿದ ಗಿಲಾವು ಎಳೆದನು. ನಾನು ಮಾಳಿಗೆಯ ಮೇಲಿನಿಂದ ನೋಡುತ್ತಿದ್ದೆನು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದು ಥಾಪಿ ಎಳೆಯುತ್ತಿದ್ದನು. ಸಂಜೆಯ ಹೊತ್ತಿಗೆ ಕೊಳ ಹಾಲು ಬಳಿದಂತೆ ಕಂಡಿತು. ಆದರೂ ಅವನ ಮುಖ ಅರಳಲಿಲ್ಲ. ಹಸಿ ಗಿಲಾವು ಎಲ್ಲವೂ ಚೆಂದವೇ. ಗಟ್ಟಿಯಾಗುವಾಗ ಬಿರುಕು ಬಿಡದಿದ್ದರೆ ಮಾತ್ರ ಅದು ಗಿಲಾವು. ಅದಕ್ಕೆ ನಾಲ್ಕಾರು ದಿನ ಅದು ತಪ್ಪದೆ ತೊಯ್ದಿರಬೇಕು.

ಮರುದಿನ ನಸುಕಿನಲ್ಲಿ ಸವದತ್ತಿಯಿಂದ ಮುದಕಪ್ಪನಿಗೆ ಫೋನು ಬಂದಿತು. ಅಲ್ಲಿಗೆ ಕೊಟ್ಟಿದ್ದ ಮಗಳು ಮಾಲಾಳಿಗೆ ಹೆರಿಗೆ ಬೇನೆ. ಗಂಡಹೆಂಡಿರು ಸಿಕ್ಕ ಬಸ್ಸು ಹತ್ತಿದರು. ಬಸ್ಸಿನಿಂದಲೇ ಮುದಕಪ್ಪ ಸಾವಕಾರರಿಗೆ ಫೋನು ಮಾಡಿದನು.

"ಸಾವಕಾರ್ರ, ಹಸಿ ಗಿಲಾವ ಐತ್ರಿ. ನಾ ಬರೂತನಾ ನೀರ ಬಿಡಬ್ಯಾಡ್ರಿ."

"ಇಲ್ಲೋ ಮಾರಾಯಾ, ಬಿಡೂದಿಲ್ಲ. ನೀ ಮಗಳನ್ನ ನೋಡ್ಕೋ."

ಇಬ್ಬರಿಗೂ ಸಮಾಧಾನವಾಯಿತು. 'ಬಿಡು' ಎಂಬ ಧಾತುವನ್ನು ಮಕ್ಕಳಿಗೆ ಕಲಿಸುವಾಗ ನಾನು ಎಚ್ಚರಿಕೆ ಹೇಳುತ್ತಿದ್ದೆನು. ಅದು ಬಲು ತುಂಟ ಧಾತು. 'ಶಾಲೆ ಬಿಡಬೇಡ' ಎಂದರೆ ನಿಲ್ಲಿಸಬೇಡ. 'ನಾಯಿಯನ್ನು ಬಿಡಬೇಡ' ಎಂದರೆ ಹರಿಯಗೊಡಬೇಡ. ಮುದಕಪ್ಪ ಹೇಳಿದ್ದು ಮೊದಲನೆಯ ಅರ್ಥದಲ್ಲಿ: ಔಷಧ ಬಿಡಬ್ಯಾಡ್ರಿ ಎನ್ನುವಂತೆ, ನೀರು ಹೊಡೆಯುವುದನ್ನು ಬಿಡಬ್ಯಾಡ್ರಿ. ಸಾವಕಾರರಿಗೆ ವ್ಯಾಪಾರದೊಡನೆ ಹೊಲವೂ ಉಂಟು, ಕಾಲುವೆಯಲ್ಲಿ ನೀರು ಬಿಡುವುದು, ಕಟ್ಟುವುದು ಅವರ ದಿನದ ಮಾತು. ಅವರು ಹಿಡಿದದ್ದು ಎರಡನೆಯ ಅರ್ಥ.

ಮಾಲಾಳಿಗೆ ತಡವಾಗಿ, ಎಲ್ಲರನ್ನೂ ಅಂಜಿಸಿ, ಹೆಣ್ಣು ಕೂಸು ಹುಟ್ಟಿತು. ಆ ಗಡಿಬಿಡಿಯಲ್ಲಿ ಕೊಳದ ನೆನಪು ಹಿಂದೆ ಸರಿದಿತ್ತು. ಮೂರನೆಯ ದಿನ ಮುಂಜಾನೆ ಸಿಹಿ ಸುದ್ದಿ ಹೇಳಲು ಮುದಕಪ್ಪ ಮತ್ತೆ ಫೋನು ಮಾಡಿದನು.

"ಭಾಳ ಛಲೋ ಆತು," ಎಂದರು ಸಾವಕಾರರು. "ನಿನ್ನ ಈಜೂ ಟಾಕಿ ಚಿಂತಿ ಮಾಡಬ್ಯಾಡ. ಒಂದ ಹನಿ ನೀರ ಬಿಟ್ಟಿಲ್ಲ. ಯಾರರೆ ಮರತು ತಿರುವ್ಯಾರು ಅಂತ ಹಿತ್ತಲದ ನಳದ ಬಾಯಿಗೆ ಅರಬಿ ಚಿಂದಿ ಕಟ್ಟೇನಿ."

ಮುದಕಪ್ಪ ದವಾಖಾನೆಯ ಬೆಂಚಿನ ಮೇಲೆ ಕುಸಿದನು. "ಹೋತು," ಎಂದನು.

"ಏನ ಹೋತ್ರಿ? ಕೂಸು ಗುಂಡಕಲ್ಲ ಇದ್ದಂಗ ಐತಿ," ಎಂದಳು ರಾಯವ್ವ.

"ಕೈ ಹೋತು," ಎಂದು ಹೇಳಿ ಬೈಲಹೊಂಗಲದ ಬಸ್ಸಿಗೆ ಓಡಿದನು.

ಏಪ್ರಿಲ್ ಬಿಸಿಲು. ಅವನು ಬಂದಾಗ ನಾನು ಗೋಡೆಯ ಈಚೆ ಕರಿಬೇವಿನ ಗಿಡಕ್ಕೆ ಪಾತಿ ಮಾಡುತ್ತಿದ್ದೆನು. ನನ್ನ ಕಡೆಗೂ ನೋಡದೆ ಹಿತ್ತಲಿಗೆ ನಡೆದನು. ಸಾವಕಾರರು ಹೆಮ್ಮೆಯಿಂದ ಹಿಂದೆಯೇ ಬಂದರು.

"ನೋಡಪಾ, ಬಿಸಿಲ ಬಡೀಬಾರದು ಅಂತ ನಮ್ಮಾಕಿ ಗೋಣಿತಟ್ಟ ಹಾಸಿಸ್ಯಾಳ. ಒಣಾಒಣಾ ಕಾದೇವಿ."

ಮುದಕಪ್ಪ ಮೆಟ್ಟಿಲಿಳಿದು ಒಂದು ತಟ್ಟಿನ ತುದಿ ಎತ್ತಿದನು. ಅದು ಭಾರವಾಗಿತ್ತು, ಅಂಚಿನಿಂದ ನೀರು ಸುರಿಯಿತು. ಕೆಳಗಿನ ಗಿಲಾವಿನ ಮೇಲೆ ಅಂಗೈ ಇಟ್ಟನು. ಇನ್ನೊಂದು ತಟ್ಟು ಎತ್ತಿದನು, ಮತ್ತೊಂದನ್ನೂ ಎತ್ತಿದನು.

"ಅವ್ವಾರ, ಇದು ತಣ್ಣಗೈತ್ರಿ."

ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಸುಂದರವ್ವ, "ಮತ್ತೇನ ಸುಡಬೇಕಾಗಿತ್ತೇನು?" ಎಂದರು.

"ನೀರ ಬಿಡಬ್ಯಾಡ ಅಂತ ಹೇಳಿದ್ದಲಾ ಅಂವ," ಎಂದರು ಸಾವಕಾರರು, ಮೋಸ ಹೋದವರಂತೆ.

"ನಾ ಎಲ್ಲಿ ಬಿಟ್ಟೇನ್ರಿ? ಬಿಡೂದು ಹೊಲಕ್ಕ. ನಾ ಚಿಮುಕಿಸೇನಿ. ನಮ್ಮ ತವರಮನ್ಯಾಗ, ಮುನವಳ್ಳ್ಯಾಗ, ಹಸೀ ಗ್ವಾಡಿ ಅಂದ್ರ ಬಾಣಂತಿ ಅಂತಿದ್ರು. ಬಾಣಂತಿಗೆ ಯಾರರೆ ಉಪವಾಸ ಕೆಡವತಾರೇನು? ನಿಮ್ಮ ನಳಕ್ಕ ಅರಬಿ ಕಟ್ಟೀರಿ, ಮುಟ್ಟಿಲ್ಲ. ಮಾಸ್ತರ ಮನೀದು ಪೈಪ್ ಐತಿ, ಕೃಷ್ಣವ್ವನ ಕೈಲೆ ಹೊಡಿಸೇನಿ. ನೀವು ಅಂಗಡಿಗೆ ಹೋದಾಗೊಮ್ಮೆ, ಉಂಡ ಮಲಗಿದಾಗೊಮ್ಮೆ."

ಅವರ ಮನೆಗೆಲಸದ ಕೃಷ್ಣವ್ವ ಗೋಡೆಯಾಚೆಯಿಂದ ಪೈಪು ಕೇಳಿದಾಗ ಹೂವಿನ ಗಿಡಗಳಿಗೆಂದು ತಿಳಿದು ಕೊಟ್ಟಿದ್ದೆನು. ಸಾವಕಾರರು ನನ್ನ ಕಡೆ ತಿರುಗಿದರು. "ನೀವೂ ಇದರಾಗ ಇದ್ದೀರೇನ್ರಿ ಮಾಸ್ತರ?"

ಮುದಕಪ್ಪ ಇದಾವುದನ್ನೂ ಕೇಳುತ್ತಿರಲಿಲ್ಲ. ತಟ್ಟುಗಳನ್ನೆಲ್ಲ ಎಳೆದು ಹಾಕಿ, ಒಂದು ಬೆಣಚುಕಲ್ಲು ಹಿಡಿದು ಗೋಡೆಗೆ ಕಿವಿ ಹಚ್ಚಿ ತಟ್ಟುತ್ತಿದ್ದನು. ಮೂಲೆಯಿಂದ ಮೂಲೆಗೆ ಹೋದನು, ತಳವನ್ನು ಕೂತಲ್ಲೇ ಸರಿಯುತ್ತ ನೋಡಿದನು. ಎಲ್ಲಿಯೂ ಟೊಳ್ಳು ಸಪ್ಪಳವಿಲ್ಲ, ಕೂದಲೆಳೆಯಷ್ಟು ಬಿರುಕಿಲ್ಲ. ಕೊನೆಗೆ ಅವನು ಕೊಳದ ನಡುವೆ ಕಾಲು ಚಾಚಿ ಕುಳಿತು, ಎರಡೂ ಕೈಗಳಿಂದ ಮುಖ ಒರಸಿಕೊಂಡನು.

"ಸಾವಕಾರ್ರ, ಇನ್ನ ನೀರ ತುಂಬ್ರಿ."

"ತುಂಬಲೋ, ಬಿಡಲೋ? ಮಾಸ್ತರ ಮುಂದ ಬಿಡಿಸಿ ಹೇಳು," ಎಂದರು ಅವರು. ಸುಂದರವ್ವ ನಕ್ಕು ನಕ್ಕು ಮೊಣಕಾಲು ಹಿಡಿದುಕೊಂಡರು.

ಮುಂದಿನ ವಾರ ಸುಂದರವ್ವ ಗಂಡನ ಕೈ ಹಿಡಿದು ಕೊಳಕ್ಕಿಳಿದರು. ಮುದಕಪ್ಪನೂ ಬಂದಿದ್ದನು, ಅವರ ಮುಖ ನೋಡದೆ ನೀರೊಳಗಿನ ಪಾದಗಳನ್ನೇ ನೋಡುತ್ತಿದ್ದನು. ಸುಂದರವ್ವ ಆ ತುದಿಗೆ ಹೋಗಿ ತಿರುಗಿ ಬಂದು, "ಕಾಲಿಗಿ ಏನೂ ಹತ್ತವಲ್ದೋ ತಮ್ಮಾ, ಬೆಣ್ಣಿ ತುಳದಂಗ ಆಗತೈತಿ," ಎಂದರು.

ಮುದಕಪ್ಪ ನಾನು ನಿಂತಿದ್ದ ನಡುಗೋಡೆಯ ಹತ್ತಿರ ಬಂದನು.

"ಸರ್, ನಿಮ್ಮ ಮಾಳಿಗಿ ಮೂಲ್ಯಾಗ ಗಿಲಾವಿನ ಪದರ ಎದ್ದೈತಿ. ಮಳಿಗಾಲದಾಗ ಸೋರತೈತಿ. ನಾಳೆ ಬರಲ್ರಿ?"

ಅವನಾಗಿ ಕೆಲಸ ಕೇಳಿದ್ದನ್ನು ನಾನು ಅಂದೇ ಕಂಡದ್ದು. ಬಾ ಎಂದೆನು.