ಗಾಜಿನ ಮೇಲೆ ತಿರುಗಿದರೆ ಬಸುರಿ

ಬೆಳಗಿನ ಐದು ಗಂಟೆ. ಮಂಕಿಯ ಕಡಲದಂಡೆಯ ಚಹಾದಂಗಡಿಯಲ್ಲಿ ಹಾಲು ಇನ್ನೂ ಕಾಯುತ್ತಿದೆ. ಮಾಸ್ತಮ್ಮ ಮೇಜಿನ ಮೇಲೆ ಹಳೆಯ ಬೇಕರಿ ಕಪಾಟಿನ ಗಾಜೊಂದನ್ನು ಇಟ್ಟುಕೊಂಡು ನಿಂತಿದ್ದಾರೆ. ಒಂದೊಂದೇ ಪವರ್ ಬ್ಯಾಂಕನ್ನು ಅದರ ಮೇಲೆ ಮಲಗಿಸಿ, ಮೂಲೆಗೆ ಬೆರಳಿನಿಂದ ತಟ್ಟುತ್ತಾರೆ. ಅಲುಗಾಡದೆ ಕೂತರೆ ಆತು, ಮಾಲೀಕನ ಕೈಗೆ. ಹನ್ನೊಂದು ಹಾಗೆ ದಾಟಿಹೋಗುತ್ತವೆ. ಹನ್ನೆರಡನೆಯದು ಬುಗುರಿಯಂತೆ ಗರಗರ ತಿರುಗುತ್ತದೆ.

"ಇದು ಬಸುರಿ. ಕೊಡುದಿಲ್ಲ," ಎನ್ನುತ್ತಾರೆ ಮಾಸ್ತಮ್ಮ.

ಒಳಗಿನ ಬ್ಯಾಟರಿ ಉಬ್ಬಿ, ಹೊಟ್ಟೆ ಮುಂದೆ ಬಂದ ಪವರ್ ಬ್ಯಾಂಕಿಗೆ ಈ ದಂಡೆಯಲ್ಲಿ ಅದೇ ಹೆಸರು. ಇಟ್ಟವರು ಮಾಸ್ತಮ್ಮನೇ. ಆದರೆ ಇಂದು ಆ ಮಾತಿಗೆ ಚಹಾ ಕುಡಿಯುವವರೆಲ್ಲ ಗೊಳ್ಳೆಂದು ನಗುತ್ತಾರೆ. ಆ ಪವರ್ ಬ್ಯಾಂಕಿನ ಮಾಲೀಕ ನರೇಶನ ಹೆಂಡತಿ ಸುಪ್ರಿಯಾ ಚೊಚ್ಚಲ ಹೆರಿಗೆಗೆಂದು ನಿನ್ನೆಯಷ್ಟೇ ಹೊನ್ನಾವರದ ಆಸ್ಪತ್ರೆ ಸೇರಿದ್ದಾಳೆ.

ನರೇಶನಿಗೆ ನಗು ಬರುವುದಿಲ್ಲ. ಹೆರಿಗೆ ನಾಳೆ ಸಂಜೆಯ ಮಾತು ಎಂದಿದ್ದಾರೆ ಡಾಕ್ಟರು. ಇವನು ನಿಂತರೆ ನಾಲ್ಕಾಳಿನ ದೋಣಿಯೂ ನಿಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ. ದಡದ ಹತ್ತಿರವೇ ಬಲೆ ಬಿಡುವುದರಿಂದ ಸಿಗ್ನಲ್ ಸಿಗುತ್ತದೆ ನಿಜ, ಆದರೆ ಅವನ ಹಳೆಯ ಫೋನು ಏಳು ಗಂಟೆಗೆಲ್ಲ ಕಣ್ಣು ಮುಚ್ಚುತ್ತದೆ. ಆಸ್ಪತ್ರೆಯಿಂದ ಕರೆ ಬಂದರೆ?

"ಇವತ್ತೊಂದು ದಿನ ಕೊಡು ಮಾಸ್ತಕ್ಕ. ಇಷ್ಟು ದಿನ ಎಂತ ಆತು ಅದಕ್ಕೆ?"

"ಎಂತ ಆಗ್ತದೆ ಅಂತ ಬೊಮ್ಮಯ್ಯನ ಕೈ ನೋಡು, ಗೊತ್ತಾಗ್ತದೆ."

ಬೊಮ್ಮಯ್ಯ ಮಾಸ್ತಮ್ಮನ ಗಂಡ, ಅಂಗಡಿಯ ಮೂಲೆಯಲ್ಲಿ ಲೋಟ ತೊಳೆಯುತ್ತಿದ್ದಾರೆ. ಅವರ ಬಲಗೈ ಬೆರಳುಗಳು ಮಡಿಚುವುದಿಲ್ಲ. ಏಳು ವರ್ಷದ ಕೆಳಗೆ ಅವರೂ ಬಲೆ ಎಳೆಯುತ್ತಿದ್ದವರು. ಉಪ್ಪುನೀರು ತಾಗಬಾರದೆಂದು ಫೋನು, ಪವರ್ ಬ್ಯಾಂಕು ಎರಡನ್ನೂ ಒಂದೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಗಂಟು ಕಟ್ಟಿ ಚಾರ್ಜಿಗಿಟ್ಟಿದ್ದರು. ಬಿಚ್ಚಿ ನೋಡಿದರೆ ಬ್ಯಾಂಕು ಕೆಂಡದಂತೆ ಕಾದಿತ್ತು. ಮೀನುಗಾರನ ಬುದ್ಧಿ ಓಡುವುದು ಒಂದೇ ಕಡೆಗೆ. ಅದನ್ನು ಬಂಗಡೆಯ ಜೊತೆ ಐಸ್ ಪೆಟ್ಟಿಗೆಗೆ ಹಾಕಿದರು. ತಣ್ಣಗಾಯಿತು, ಒಳಗೆ ನೀರೂ ಇಳಿಯಿತು. ಸಂಜೆ ಮನೆಯಲ್ಲಿ ಹಾಸಿಗೆಯ ಮೇಲೆ ಅದನ್ನೇ ಚಾರ್ಜಿಗೆ ಹಚ್ಚಿದರು. ಹೊಗೆ ಎದ್ದಾಗ ಹೊರಗೆ ಎಸೆಯಲೆಂದು ಬರಿಗೈಯಲ್ಲಿ ಹಿಡಿದರು.

"ಬಿಸಿ ಆದ್ರೆ ವಯರ್ ತೆಗ್ದು ಗಾಳಿಗೆ, ನೆರಳಿಗೆ ಇಡ್ಬೇಕು. ಅಷ್ಟೇಯ. ಬಂಗಡೆಗೆ ಮಾಡೂ ಉಪಚಾರ ಎಲ್ಲದಕ್ಕೂ ಮಾಡೂಕೆ ಆಗ್ತದಾ?" ಮಾಸ್ತಮ್ಮನ ದನಿಯಲ್ಲಿ ಈಗ ಸಿಟ್ಟಿಲ್ಲ. ಆಗ ಇತ್ತು, ಒಂದು ವರ್ಷ ಗಂಡನ ಕೂಡೆ ಸರಿಯಾಗಿ ಮಾತಾಡಿರಲಿಲ್ಲ ಎಂದು ಅವರೇ ಹೇಳುತ್ತಾರೆ.

ಗಂಡನ ಕೈ ಹೋದ ಮೇಲೆ ಹೊಟ್ಟೆಪಾಡಿಗೆ ಚಹಾದಂಗಡಿ ಬಂತು. ಚಾರ್ಜಿಂಗ್ ಕೆಲಸ ಅದಕ್ಕೆ ಅಂಟಿಕೊಂಡಿತು. ಇದಕ್ಕೆ ಅವರು ಏನೂ ಕೇಳುವುದಿಲ್ಲ. ದಿನಕ್ಕೆ ಮೂವತ್ತೈದರಿಂದ ನಲವತ್ತು ಪವರ್ ಬ್ಯಾಂಕು, ಒಂಬತ್ತು ದೋಣಿಯವರದ್ದು. ಮಧ್ಯಾಹ್ನ ದೋಣಿಗಳು ಬಂದ ಮೇಲೆ ತಂದುಕೊಡುತ್ತಾರೆ. ಮಾಸ್ತಮ್ಮ ಒಣಬಟ್ಟೆಯಲ್ಲಿ ಒರೆಸಿ, ವಯರಿನ ತೂತು ಒದ್ದೆಯಿದ್ದರೆ ಒಂದು ದಿನ ಹಾಗೇ ಬಿಟ್ಟು, ಉಳಿದವನ್ನು ಸಿಮೆಂಟು ಕಟ್ಟೆಯ ಮೇಲೆ ಬಿಡಿಬಿಡಿಯಾಗಿ ಸಾಲಿಟ್ಟು ಚಾರ್ಜಿಗೆ ಹಚ್ಚುತ್ತಾರೆ. ಸಿಪ್ಪೆ ಸುಲಿದ ವಯರಿಗೆ ಅಲ್ಲಿ ಜಾಗವಿಲ್ಲ. ನಡುನಡುವೆ ಅಂಗೈ ಹಿಂಬದಿಯಿಂದ ಮುಟ್ಟಿ ನೋಡುತ್ತಾರೆ, ಜ್ವರ ಬಂದ ಮಕ್ಕಳನ್ನು ನೋಡಿದ ಹಾಗೆ. ಕತ್ತಲಾಗುವಷ್ಟರಲ್ಲಿ ಎಲ್ಲ ಬಂದ್. ತಾನು ಮಲಗಿದ ಮೇಲೆ ಯಾವುದೂ ಚಾರ್ಜಿನಲ್ಲಿ ಇರಕೂಡದು. ಈ ಏಳು ವರ್ಷದಲ್ಲಿ ಅರವತ್ತೊಂದು ಬಸುರಿಗಳು ಸಿಕ್ಕಿವೆ. ಅಂಗಡಿಯ ಹಿಂದೆ, ಬಯಲಿನಲ್ಲಿ, ಮರಳು ತುಂಬಿದ ಮಣ್ಣಿನ ಕೊಡವೊಂದಿದೆ. ಕುಮಟಾದಿಂದ ಹಳೆ ಬ್ಯಾಟರಿ ಒಯ್ಯುವವರು ಬರುವ ತನಕ ಅವುಗಳ ತವರುಮನೆ ಅದೇ.

ನರೇಶನದ್ದು ಅರವತ್ತೆರಡನೆಯದು. ಅವನು ಮುಖ ಊದಿಸಿಕೊಂಡು ನಿಂತಿದ್ದಾನೆ. ಮಾಸ್ತಮ್ಮ ಒಳಗೆ ಹೋಗಿ ತಮ್ಮದೇ ಪವರ್ ಬ್ಯಾಂಕು ತಂದು, ಗಾಜಿನ ಮೇಲೆ ಅವನೆದುರೇ ತಟ್ಟಿ ತೋರಿಸಿ ಕೊಡುತ್ತಾರೆ. ಅವನು ತೆಗೆದುಕೊಂಡು, ಅಭ್ಯಾಸಬಲದಿಂದ ಫೋನಿನ ಜೊತೆ ಸೇರಿಸಿ ಕೊಟ್ಟೆಗೆ ಹಾಕಿ ಗಂಟು ಬಿಗಿಯುತ್ತಾನೆ.

"ಬಿಚ್ಚು!"

ಅಷ್ಟು ಜೋರು ದನಿಗೆ ದೋಣಿ ನೂಕುವವರೂ ತಿರುಗುತ್ತಾರೆ. ಮಾಸ್ತಮ್ಮ ಮುಚ್ಚಳದ ಡಬ್ಬಿಯೊಂದನ್ನು ಅವನ ಕೈಗೆ ತುರುಕುತ್ತಾರೆ. "ಸುಮ್ನೆ ಇಡೂದಾದ್ರೆ ಮುಚ್ಚು. ಚಾರ್ಜಿಗೆ ಹಾಕೂದಾದ್ರೆ ಹೊರಗೆ ತೆಗಿ, ನೀರು ಹಾರದಿದ್ದ ಬದಿಗೆ, ನೆರಳಿಗೆ ಇಡು. ತುಂಬ್ದ ಕೂಡ್ಲೆ ವಯರ್ ತೆಗಿ. ಅಪ್ಪ ಆಗೂವವ, ಅಷ್ಟು ತಿಳೂದಿಲ್ವಾ ಮಾರಾಯ?"

ದೋಣಿ ಹೋದ ಮೇಲೆ ಮಾಸ್ತಮ್ಮ ಅವನ ಪವರ್ ಬ್ಯಾಂಕನ್ನು ಮರಳಿನ ಕೊಡದಲ್ಲಿ ಹೂತು, ಎರಡು ಸಲ ದಂಡೆಗೆ ಹೋಗಿ ಬರುತ್ತಾರೆ. ತಾನು ಕೊಟ್ಟದ್ದು ಕೈಕೊಟ್ಟು ಕರೆ ತಪ್ಪಿದರೆ, ತನ್ನ ಹಟದಿಂದ ಹಾಗಾಯಿತೆಂಬ ಮಾತು ಜನ್ಮವಿಡೀ ಉಳಿಯುತ್ತದೆ. ಅವರಿಗೆ ಅದು ಗೊತ್ತಿದೆ, ಹೆದರಿಕೆಯೂ ಇದೆ. ಹಾಲು ಒಮ್ಮೆ ಉಕ್ಕಿ ಚೆಲ್ಲುತ್ತದೆ.

ಒಂಬತ್ತಕ್ಕೇ ದೋಣಿ ತಿರುಗಿ ಬರುತ್ತದೆ. ಎಂಟೂಕಾಲಿಗೆ ಆಸ್ಪತ್ರೆಯಿಂದ ಅತ್ತೆಯ ಕರೆ ಬಂದಿದೆ. ಡಾಕ್ಟರ ಲೆಕ್ಕ ತಪ್ಪಿದೆ, ಹೆಣ್ಣುಮಗು, ತಾಯಿಯೂ ಸುಖವಾಗಿದ್ದಾಳೆ. ಬಸ್ಸಿಗೆ ಓಡುವ ಮೊದಲು ನರೇಶ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅಂಗಡಿಯ ಹಿಂದಿನ ಕೊಡವನ್ನು ಇಣುಕಿ ನೋಡುತ್ತಾನೆ. ಮರಳು ಮರಳಿನಂತೆಯೇ ಇದೆ.

"ನನ್ನವ್ಳು ಹೆತ್ತಾತು. ನಿನ್ನ ಬಸುರಿಗೆ ಎಂತದೂ ಆಗ್ಲಿಲ್ವಲ್ಲ ಮಾಸ್ತಕ್ಕ!"

ಮಾಸ್ತಮ್ಮ ಅವನಿಗೊಂದು ಚಹಾ ಸುರಿದು, ಗಾಜಿನ ಮೇಲೆ ಬಿದ್ದ ಹನಿ ಒರೆಸುತ್ತಾರೆ.

"ಅದು ಹೆರ್ಬಾರ್ದು ಅಂತ್ಲೇ ಅಲ್ದಾ, ನಾ ಇಲ್ಲಿ ಕೂತದ್ದು?"