ಜಲ್ಲಿ ದಾರಿಯ ಕೆಂಪು ಕಾರಿಗೆ ಹುಚ್ಚಣ್ಣನ ಬಣ್ಣ

ಅರಸೀಕೆರೆಯಿಂದ ಬಾಣಾವರದ ಕಡೆಗೆ ಹೋಗುವ ರಸ್ತೆಯ ಅಂಚಿನಲ್ಲಿ ಮನೆ ಮಾಡಿಕೊಂಡವರಿಗೆ ಅಲಾರಂ ಗಡಿಯಾರ ಬೇಕಿಲ್ಲ. ಹೊತ್ತು ಮೂಡುವ ಮುಂಚೆಯೇ, ಗಾಡಿಗಳಿಗೆ ಬಣ್ಣ ಬಳಿಯುವ ಹುಚ್ಚಣ್ಣನವರ ಶೆಡ್ಡಿನಿಂದ ಟಣ್, ಟಣ್, ಟಣಾರ್ ಎಂಬ ಸದ್ದು ಶುರುವಾಗುತ್ತದೆ. ಹೊಂಗೆ ಮರಕ್ಕೆ ಹಳೇ ಅಂಬಾಸಡರ್ ಕಾರಿನ ಬಾಗಿಲೊಂದು ನೇತುಬಿದ್ದಿದೆ. ಅದಕ್ಕೆ ಹೊಸ ಕೆಂಪು ಬಣ್ಣ. ಮಂಕಿ ಕ್ಯಾಪು ಹಾಕಿಕೊಂಡ ಹುಚ್ಚಣ್ಣ ಬಾಂಡ್ಲಿಯಿಂದ ಹಿಡಿ ಹಿಡಿ ಜಲ್ಲಿ ತೆಗೆದು, ಜನ್ಮದ ಹಗೆ ಇರುವವರ ಹಾಗೆ ಆ ಬಾಗಿಲಿಗೆ ಬೀಸಿ ಹೊಡೆಯುತ್ತಾರೆ. ಆಮೇಲೆ ಹತ್ತಿರ ಹೋಗಿ, ಪೆಟ್ಟು ಬಿದ್ದ ಕಡೆಯೆಲ್ಲ ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಾರೆ. ಹೊಸಬರು ನೋಡಿದರೆ ಇವರಿಗೆ ತಲೆ ಸರಿಯಿಲ್ಲ ಎಂದೇ ತೀರ್ಮಾನಿಸಬೇಕು!

"ಸಾಕು ಬಿಡ್ರೀ, ಆ ಬಾಗ್ಲು ನಿಮ್ಗೆ ಏನ್ ಅನ್ಯಾಯ ಮಾಡೈತೆ?" ಎನ್ನುತ್ತ ಹೆಂಡತಿ ದೇವೀರಮ್ಮ ಕಾಫಿ ತರುತ್ತಾರೆ.

"ಚಳೀಲೇ ಹೊಡೀಬೇಕು ಕಣೇ. ಬಿಸ್ಲು ಬಂದ್ಮೇಲೆ ಬಣ್ಣ ಮೆತ್ತಗಾಗಿ ನಾಟ್ಕ ಆಡ್ತೈತೆ. ಚಳೀಲಿ ಬಿಗಿಯಾಗಿರ್ತೈತಲ್ಲ, ಆವಾಗ್ಲೇ ಅದ್ರ ಬಂಡವಾಳ ಗೊತ್ತಾಗೋದು" ಎಂದು ಹುಚ್ಚಣ್ಣ ಮತ್ತೊಂದು ಹಿಡಿ ಜಲ್ಲಿ ತೆಗೆಯುತ್ತಾರೆ. ಕಾಫಿ ಆರುತ್ತದೆ. ದೇವೀರಮ್ಮನಿಗೆ ಇದೇನೂ ಹೊಸದಲ್ಲ.

ಇವತ್ತಿನ ಈ ಅವಸರಕ್ಕೆ ಕಾರಣ ಶೆಡ್ಡಿನ ಒಳಗೆ ಹಳೇ ಸೀರೆ ಹೊದ್ದು ನಿಂತಿದೆ. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಹಳೇಬೀಡಿನ ಕೊಬ್ಬರಿ ವ್ಯಾಪಾರಿ ಜಿನಚಂದ್ರ ಅವರು ತೊಂಬತ್ತರ ದಶಕದ ಆರಂಭದಲ್ಲಿ ಮೂಡಿಗೆರೆಯ ಕಾಫಿ ತೋಟದವರೊಬ್ಬರಿಂದ ಆಸೆಪಟ್ಟು ಕೊಂಡ ವಿದೇಶಿ ಗಾಡಿ. ಅದರ ಮೂತಿ ನೆಲಕ್ಕೆ ಎಷ್ಟು ಹತ್ತಿರವೆಂದರೆ, ಮುಂದೆ ಹೋಗುವ ಬಸ್ಸು ಎರಚುವ ಕಲ್ಲೆಲ್ಲ ಸೀದಾ ಅದಕ್ಕೇ ಬಂದು ಬಡಿಯುತ್ತದೆ. ಕಲ್ಲು ಬಿದ್ದ ಕಡೆ ಬಣ್ಣದ ಚಕ್ಕೆ ಏಳುತ್ತದೆ, ಚಕ್ಕೆ ಎದ್ದ ಕಡೆ ನೀರು ಸೇರುತ್ತದೆ, ಆಮೇಲೆ ತುಕ್ಕು. ಹೀಗೆ ಒಮ್ಮೆ ಮೂತಿ ಅರ್ಧ ತಿಂದುಹೋಗಿ, ಬೇರೆ ತಗಡು ಬೆಸೆಯಬೇಕಾಯಿತು. ಅಂಥ ಮೂತಿ ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಜಿನಚಂದ್ರ ಅವರಿಗೆ ಮಂಡಿನೋವು, ಓಡಿಸಲು ಆಗುವುದಿಲ್ಲ. ಮಗಳು ಸಿದ್ಧಿ ಬೇಲೂರಿನ ಶಾಲೆಯಲ್ಲಿ ಟೀಚರು. ಕಾರು ತನಗೇ ಇರಲಿ ಎಂದು ಹಟ ಹಿಡಿದಿದ್ದಾಳೆ. ಆದರೆ ಈ ವರ್ಷ, ಅಂದರೆ ಎರಡು ಸಾವಿರದ ನಾಲ್ಕರಲ್ಲಿ, ರಸ್ತೆ ಅಗಲ ಮಾಡುತ್ತೇವೆಂದು ಹಳೇಬೀಡು-ಬೇಲೂರು ದಾರಿಯುದ್ದಕ್ಕೂ ಜಲ್ಲಿ ಹರಡಿಟ್ಟಿದ್ದಾರೆ. "ಈ ಸಲಾನೂ ಬಣ್ಣ ಎದ್ದು ತಗಡು ಕಂಡ್ರೆ, ಕೊಳ್ತೀವಿ ಅಂತಿರೋ ಮೈಸೂರಿನವರಿಗೆ ಕೊಟ್ಬಿಡ್ತೀನಿ ಹುಚ್ಚಣ್ಣ. ನನ್ನ ಕಣ್ಮುಂದೆ ಅದು ತುಕ್ಕು ಹಿಡಿಯೋದನ್ನ ನೋಡಲಾರೆ" ಎಂದು ಜಿನಚಂದ್ರ ಹೇಳಿಬಿಟ್ಟಿದ್ದಾರೆ. ಇವತ್ತು ಸಿದ್ಧಿ ಕಾರನ್ನು ಬೇಲೂರಿನ ತನಕ ಓಡಿಸಿ ವಾಪಸು ತರಬೇಕು. ಹುಚ್ಚಣ್ಣನವರಿಗೆ ಅದರದ್ದೇ ಭಯ. ಅವರು ಅದನ್ನು ಮುಚ್ಚಿಡುವುದೂ ಇಲ್ಲ.

"ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ಕಣ್ರೀ. ನನ್ ಮಗಳ ಪರೀಕ್ಷೆಗೂ ನಾನ್ ಇಷ್ಟು ಹೆದರಿರ್ಲಿಲ್ಲ" ಎನ್ನುತ್ತಾರೆ.

ಹುಚ್ಚಣ್ಣ ಕಣಕಟ್ಟೆಯವರು. ಅರಸೀಕೆರೆಗೆ ಬಂದದ್ದು ಖಾಸಗಿ ಬಸ್ಸುಗಳಿಗೆ ಬಣ್ಣ ಬಳಿಯಲು. ಆಗಿನ ಬಸ್ಸುಗಳ ಸೊಗಸೇ ಬೇರೆ! ಹಿಂಬದಿಗೆ ತೆಂಗಿನ ಮರ, ಜೋಡಿ ಗಿಳಿ, ಸೂರ್ಯೋದಯ. ಬಾಗಿಲ ಪಕ್ಕ ಬಳ್ಳಿ. ಮಾಲೀಕರ ಮಗುವಿನ ಹೆಸರು ಮುಂದುಗಡೆ, ನೆರಳು ಕೊಟ್ಟ ಅಕ್ಷರದಲ್ಲಿ. ಬಣ್ಣ ಒಣಗುವ ತನಕ ಡ್ರೈವರು, ಕಂಡಕ್ಟರು ಇಬ್ಬರೂ ಶೆಡ್ಡಿನಲ್ಲೇ ಠಿಕಾಣಿ ಹೂಡಿ, ದೇವೀರಮ್ಮ ಮಾಡಿದ ಮುದ್ದೆ ಉಂಡು, ಊರೂರಿನ ಸುದ್ದಿ ಹೇಳುತ್ತಿದ್ದರು. ಈಗ ಸ್ಟಿಕ್ಕರು ಬಂದಿದೆ. ಬೆಳಿಗ್ಗೆ ಅಂಟಿಸಿ ಮಧ್ಯಾಹ್ನ ಹೊರಟುಬಿಡುತ್ತಾರೆ. "ಗಾಡಿ ಬತ್ತವೆ, ಜನ ಬರಲ್ಲ" ಎಂದು ದೇವೀರಮ್ಮ ನಿಟ್ಟುಸಿರು ಬಿಡುತ್ತಾರೆ. ತಗಡನ್ನು ವಾಟರ್ ಪೇಪರ್ ಎಂಬ ಮರಳು ಕಾಗದದಿಂದ ನುಣ್ಣಗೆ ಉಜ್ಜುವುದು ಮೊದಲಿನಿಂದಲೂ ಅವರದೇ ಕೆಲಸ. ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿವೆ.

ಕೆಂಪು ಕಾರು ಮೊದಲ ಸಲ ಶೆಡ್ಡಿಗೆ ಬಂದಾಗ ಹುಚ್ಚಣ್ಣ ಅದನ್ನೂ ಬಸ್ಸಿನ ಲೆಕ್ಕಕ್ಕೇ ಸೇರಿಸಿದರು. ಕಲ್ಲು ತಡೆಯಬೇಕಾದರೆ ದಪ್ಪ ಇರಬೇಕು, ಗಟ್ಟಿ ಇರಬೇಕು, ಇಷ್ಟೇ ಅವರಿಗೆ ಗೊತ್ತಿದ್ದದ್ದು. ಮೂತಿಗೆ ತಗ್ಗು ತುಂಬುವ ಪುಟ್ಟಿಯನ್ನು ದಂಡಿಯಾಗಿ ಮೆತ್ತಿ, ಅದರ ಮೇಲೆ ಕೋಟಿನ ಮೇಲೆ ಕೋಟು ಹೊಡೆದರು. ಮುಖ ನೋಡಿಕೊಳ್ಳಬಹುದು, ಅಂಥ ಹೊಳಪು! ಶೆಡ್ಡಿನಿಂದ ಯಾವ ಗಾಡಿ ಹೊರಟರೂ ಅದರ ಮುಂದೆ ಈಡುಗಾಯಿ ಒಡೆಯುವುದು ಪದ್ಧತಿ. ಅರಸೀಕೆರೆಯಲ್ಲಿ ಕಾಯಿಗೇನು ಬರ? ದೇವೀರಮ್ಮ ಒಳ್ಳೇ ಬಲಿತ ಕಾಯಿಯನ್ನೇ ಆರಿಸಿ, ಜಿನಚಂದ್ರ ಅವರ ಎದುರಿಗೆ, ಕಾರಿನ ಮುಂದಿನ ಕಲ್ಲಿಗೆ ಅಪ್ಪಳಿಸಿದರು. ಚಿಪ್ಪಿನ ಚೂರೊಂದು ಹಾರಿ ಸೀದಾ ಮೂತಿಗೆ ಬಡಿಯಿತು. ಅಂಗೈ ಅಗಲದ ಬಣ್ಣ, ಪುಟ್ಟಿ ಸಮೇತ, ಹಪ್ಪಳದಂತೆ ಕಳಚಿ ನೆಲಕ್ಕೆ ಬಿತ್ತು.

"ನಂಗೆ ಭೂಮಿ ಬಾಯ್ಬಿಟ್ರೆ ಸಾಕು ಅನ್ಸಿತ್ತು. ಕಾರು ಇನ್ನೂ ರಸ್ತೆನೇ ಕಂಡಿಲ್ಲ!" ಎಂದು ದೇವೀರಮ್ಮ ಈಗ ನಗುತ್ತಾರೆ. ಆಗ ಅತ್ತಿದ್ದರಂತೆ.

ಜಿನಚಂದ್ರ ಬೈಯಲಿಲ್ಲ. "ಇನ್ನೊಂದ್ಸಲ ಮಾಡಪ್ಪ" ಎಂದಷ್ಟೇ ಹೇಳಿ ಬಸ್ಸು ಹತ್ತಿ ಹೋದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಅವತ್ತೇ ಹುಚ್ಚಣ್ಣ ಗುಜರಿಯಿಂದ ಬಾಗಿಲು ತಂದು ಮರಕ್ಕೆ ಕಟ್ಟಿದರು. ಪುಟ್ಟಿ ಕಡಿಮೆ ಮಾಡಿ ನೋಡಿದರು. ಕೋಟುಗಳನ್ನು ತೆಳ್ಳಗೆ ಮಾಡಿ, ಒಂದರ ಮೇಲೊಂದು ಪೂರಾ ಒಣಗುವ ತನಕ ಕಾದು ನೋಡಿದರು. ಲಾರಿಗಳ ತಳಕ್ಕೆ ಬಳಿಯುವ ಟಾರಿನಂಥ ಕರಿ ಬಣ್ಣವನ್ನು ಅಡಿಗೆ ಕೊಟ್ಟರೆ, ಅದು ಕೆಂಪಿನ ಮೇಲೆ ಕಲೆಯಾಗಿ ಎದ್ದು ಬಂತು. ಕೊನೆಗೆ ಹಾಸನದ ಅಂಗಡಿಯೊಂದರಲ್ಲಿ ರಬ್ಬರಿನಂತೆ ಬಾಗುವ ಬೂದು ಬಣ್ಣದ ಕೋಟು ಸಿಕ್ಕಿತು. ತಗಡಿನ ಮೇಲೆ ಪ್ರೈಮರು, ಅದರ ಮೇಲೆ ಈ ಬೂದು, ಮೇಲೆ ತೆಳ್ಳಗೆ ಕೆಂಪು. ಅದರಲ್ಲೂ ಎಷ್ಟು ಬಳಿಯಬೇಕು, ಎಷ್ಟು ಒಣಗಬೇಕು ಎಂಬುದು ಕೈಗೆ ಹತ್ತಲು ವರ್ಷಗಳೇ ಹಿಡಿದವು. ಈಗ ಕಾರಿನ ಮೂತಿಗೆ ಬಳಿದಿರುವುದು ಅದನ್ನೇ.

"ಗಟ್ಟಿ ಆದಷ್ಟೂ ಒಡೀತೈತೆ ಕಣ್ರೀ. ಒಸಿ ಬಗ್ಗಬೇಕು. ಕಲ್ಲು ಬಿದ್ದಾಗ ಒಳಗಿನ ಕೋಟು ಬಗ್ಗಿ, ಪೆಟ್ಟು ತಿಂದು ಸುಮ್ನಾಗಬೇಕು" ಎಂದು ಹುಚ್ಚಣ್ಣ ಬಾಗಿಲನ್ನು ತಟ್ಟಿ ತೋರಿಸುತ್ತಾರೆ.

ಬಿಸಿಲೇರುವ ಹೊತ್ತಿಗೆ ಹಳೇಬೀಡಿನ ಬಸ್ಸಿನಿಂದ ತಂದೆ ಮಗಳು ಇಳಿಯುತ್ತಾರೆ. ಸಿದ್ಧಿ ಕಾರಿಗೆ ಹೊದಿಸಿದ್ದ ಸೀರೆ ತೆಗೆದು, ಸ್ಟಾರ್ಟ್ ಮಾಡುತ್ತಾಳೆ. "ಬಸ್ಸಿನ ಹಿಂದೇನೇ ಹೋಗವ್ವ. ತಪ್ಪಿಸ್ಕೊಂಡು ಹೋದ್ರೆ ಏನ್ ಪರೀಕ್ಷೆ?" ಎಂದು ಹುಚ್ಚಣ್ಣನೇ ಹೇಳಿ ಕಳಿಸುತ್ತಾರೆ. ಹೇಳಿದ ಮೇಲೆ, ಯಾಕಾದರೂ ಹೇಳಿದೆನೋ ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಕಾಯುವ ಹೊತ್ತು ಇಬ್ಬರು ಗಂಡಸರ ಕಣ್ಣೂ ರಸ್ತೆಯ ಮೇಲೆ. ದೇವೀರಮ್ಮ ಮಂಡಕ್ಕಿ ಕಲಸಿ ಕೊಟ್ಟರೆ ತಟ್ಟೆ ಹಾಗೇ ಉಳಿಯುತ್ತದೆ. ಜಿನಚಂದ್ರ ತಾವಾಗಿಯೇ ಒಮ್ಮೆ, "ಮೊದಲ್ನೇ ಸಲ ಇದನ್ನ ಊರಿಗೆ ತಂದಾಗ ಬಸದಿ ಬೀದಿಯೋರೆಲ್ಲ ಹೊರಗೆ ಬಂದು ನಿಂತಿದ್ರು" ಎನ್ನುತ್ತಾರೆ.

ಮಧ್ಯಾಹ್ನ ದೂಳು ಮೆತ್ತಿಕೊಂಡ ಕಾರು ಬಂದು ನಿಲ್ಲುತ್ತದೆ. ದೇವೀರಮ್ಮ ಬಕೆಟ್ಟಿನ ನೀರು ಸುರಿದು, ಬಟ್ಟೆಯಿಂದ ಒರೆಸುತ್ತಾರೆ. ಹುಚ್ಚಣ್ಣ ನೆಲಕ್ಕೆ ಮಂಡಿಯೂರಿ, ಮೂತಿಯ ಮೇಲೆ ಅಂಗುಲ ಅಂಗುಲವಾಗಿ ಹೆಬ್ಬೆರಳು ಆಡಿಸುತ್ತಾರೆ. ಎಡಗಡೆಯ ಲೈಟಿನ ಕೆಳಗೆ ಬೆರಳು ನಿಲ್ಲುತ್ತದೆ. ಅಲ್ಲಿ ರಾಗಿ ಕಾಳಿನಷ್ಟು ಕೆಂಪು ಹೋಗಿದೆ. ಕನ್ನಡಕ ಹಾಕಿಕೊಂಡು ಜಿನಚಂದ್ರ ಬಗ್ಗಿ ನೋಡುತ್ತಾರೆ. ಕಾಣುವುದು ಬೂದು ಬಣ್ಣ. ತಗಡಲ್ಲ. ಬೇರೆಲ್ಲೂ ಒಂದು ಗೀರೂ ಇಲ್ಲ.

"ಮೈಸೂರಿನವರಿಗೆ ಕೊಡಲ್ಲ ಅಂತ ಹೇಳ್ಬಿಡು" ಎಂದು ಮಗಳಿಗೆ ಹೇಳಿ ಜಿನಚಂದ್ರ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಸಿದ್ಧಿಯ ಕಣ್ಣಲ್ಲೂ ನೀರು.

ಹುಚ್ಚಣ್ಣ ಮೇಲೆದ್ದು ಪಂಚೆಯ ದೂಳು ಕೊಡವುತ್ತಾರೆ. "ಕಲ್ಲು ಬೀಳೋದನ್ನ ತಡ್ಯೋಕೆ ನನ್ ಕೈಲಿ ಆಗಲ್ಲ ಯಜಮಾನ್ರೆ. ತಗಡಿಗೆ ತಾಗ್ದಂಗೆ ನೋಡ್ಕಂಡಿದೀನಿ" ಎನ್ನುತ್ತಾರೆ. "ಈ ಚುಕ್ಕೆ ಒಂದನ್ನ ಮುಚ್ಚಿಕೊಡ್ತೀನಿ. ಗಾಡಿ ಒಂದ್ ವಾರ ಇಲ್ಲೇ ಬಿಟ್ಟೋಗಿ."

"ಇಷ್ಟಕ್ಕೆ ಒಂದು ವಾರ ಬೇಕಾ ಹುಚ್ಚಣ್ಣೋರೆ? ಒಂದು ಗಂಟೆ ಕೆಲ್ಸ ಅಲ್ವಾ?" ಎಂದು ಸಿದ್ಧಿ ಕೇಳುತ್ತಾಳೆ.

"ಗಂಟೆ ಸಾಕು ಕಣವ್ವ" ಎಂದು ಹುಚ್ಚಣ್ಣ ಕಾರಿನ ಮೇಲೆ ಕೈಯಿಟ್ಟು ನಗುತ್ತಾರೆ. "ಆದ್ರೂ ಒಂದ್ ವಾರ ಇರ್ಲಿ ಬಿಡವ್ವ. ಇಷ್ಟು ದಿನ ಹೆದರ್ಕಂಡೇ ನೋಡಿದ್ದು. ಒಸಿ ನೆಮ್ಮದಿಯಾಗಿ ನೋಡ್ಕಂತೀನಿ."